ಕಂಬ ಮತ್ತು ಡಬ್ಬ: ಗೋವಾ ಕಡಲಿನಲ್ಲಿ ತೇಲುವಿಕೆಯ ಲೆಕ್ಕ

ಎಂಜಿನ್ ಕೆಟ್ಟು ನಿಂತ ದೋಣಿ, ಅದರಿಂದ ಉರುಳಿಬಿದ್ದ ಖಾಲಿ ಡೀಸೆಲ್ ಡಬ್ಬ, ಲೈಫ್ ಜಾಕೆಟ್ ತೊಟ್ಟು ನೀರಿಗೆ ಬಿದ್ದ ಮನುಷ್ಯ: ಮೂರೂ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಹೊರಟರೂ ಆರು ಗಂಟೆಯೊಳಗೆ ಒಂದಕ್ಕೊಂದು ಕಿಲೋಮೀಟರುಗಟ್ಟಲೆ ದೂರವಾಗಬಹುದು. ನೀರಿನ ಸೆಳೆತ ಮೂರಕ್ಕೂ ಒಂದೇ, ಗಾಳಿಯೂ ಒಂದೇ. ಗಾಳಿಗೆ ಯಾವುದು ಎಷ್ಟು ಮೈಯೊಡ್ಡಿದೆ, ನೀರಿನೊಳಗೆ ಎಷ್ಟು ಮೈ ಮುಳುಗಿಸಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಕಾಣೆಯಾದವರನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಕಂಪ್ಯೂಟರ್ ಲೆಕ್ಕದಲ್ಲಿ ಈ ಸಂಗತಿಗೆ ಇರುವ ತೂಕ ಎಷ್ಟೆಂದು ಸ್ವತಃ ಅಳೆದು ನೋಡಬೇಕೆನಿಸಿ, ವಾಸ್ಕೋದಲ್ಲಿ ಎರಡು ತೇಲುಗಳನ್ನು ಕಟ್ಟಿ ಕಡಲಿಗೆ ಬಿಟ್ಟೆ. ಕಟ್ಟಿದ ಬಗೆ, ಲೆಕ್ಕ ಹಾಕಿದ ಬಗೆ, ಕಡಲು ಕೊಟ್ಟ ಉತ್ತರ ಇಲ್ಲಿವೆ.

ಇಂಥ ಲೆಕ್ಕ ನಮ್ಮ ದೇಶದಲ್ಲಿ ಈಗಾಗಲೇ ಕೆಲಸ ಮಾಡುತ್ತಿದೆ. ಕಡಲಿನ ಮಾಹಿತಿ ಒದಗಿಸುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ 2016ರಿಂದ ‘ಸಾರಥಿ’ಯಂತೆ ಕೇಳಿಸುವ ಹೆಸರಿನ ‘ಸಾರಟ್’ ಎಂಬ ಸಾಧನವನ್ನು ನಡೆಸುತ್ತಿದೆ. ವಸ್ತು ಕೊನೆಯದಾಗಿ ಕಂಡ ಜಾಗ, ಹೊತ್ತು ಮತ್ತು ಅದು ಯಾವ ಬಗೆಯದು ಎಂದು ಕೊಟ್ಟರೆ, ಹುಡುಕಬೇಕಾದ ಪ್ರದೇಶವನ್ನು ನಕ್ಷೆಯ ಮೇಲೆ ತೋರಿಸುತ್ತದೆ. ಕರಾವಳಿ ಕಾವಲು ಪಡೆಗೆ ನೆರವಾಗಲೆಂದೇ ಮಾಡಿದ್ದು. (ಕಡಲಿನಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಆ ಪಡೆಯ ಸಂಖ್ಯೆ 1554. ಕರಾವಳಿಯ ಪ್ರತಿ ಮನೆಯ ಗೋಡೆಯ ಮೇಲೂ ಇರಬೇಕಾದ ಸಂಖ್ಯೆ ಇದು.) ನಾನು ಬಳಸಿದ್ದು ನಾರ್ವೆಯ ಹವಾಮಾನ ಸಂಸ್ಥೆಯವರು ಬರೆದು ಎಲ್ಲರಿಗೂ ತೆರೆದಿಟ್ಟಿರುವ ‘ಓಪನ್‌ಡ್ರಿಫ್ಟ್’ ಎಂಬ ಪೈಥಾನ್ ತಂತ್ರಾಂಶ. ಒಳಗೆ ಏನು ನಡೆಯುತ್ತದೆಂದು ಸಾಲು ಸಾಲಾಗಿ ಓದಬಹುದು. ಕಲಿಯುವವನಿಗೆ ಅದಕ್ಕಿಂತ ಬೇರೇನು ಬೇಕು?

ಮೊದಲು ಕಾಗದದ ಮೇಲೆ

ಪೈಪು ಕೊಯ್ಯುವ ಮೊದಲೇ ಒಂದು ಸಣ್ಣ ಲೆಕ್ಕ ಮಾಡಿಕೊಂಡರೆ ಮುಂದಿನ ಕೆಲಸವೆಲ್ಲ ಹಗುರ. ತೇಲುವ ವಸ್ತುವನ್ನು ಗಾಳಿ ನೂಕುತ್ತದೆ, ನೀರು ತಡೆಯುತ್ತದೆ. ಎರಡು ಬಲಗಳೂ ಸಮವಾದ ವೇಗದಲ್ಲಿ ವಸ್ತು ನೀರಿನ ಮೇಲೆ ಜಾರುತ್ತದೆ. ಈ ಜಾರುವಿಕೆಗೆ ಲೀವೇ ಎನ್ನುತ್ತಾರೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿಲೋ, ಕಡಲ ನೀರಿನದು 1025 ಕಿಲೋ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವುದು 0.034. ಅಂದರೆ ಅರ್ಧ ಮೈ ಮೇಲೆ, ಅರ್ಧ ಮೈ ಕೆಳಗೆ ಇಟ್ಟು ತೇಲುವ ವಸ್ತು ಗಾಳಿಯ ವೇಗದ ನೂರಕ್ಕೆ 3.4ರಷ್ಟು ವೇಗದಲ್ಲಿ ಜಾರುತ್ತದೆ. ಮೇಲಿನ ಮೈ ಕೆಳಗಿನದರ ಕಾಲು ಭಾಗವಾದರೆ ನೂರಕ್ಕೆ 1.7. ಇಪ್ಪತ್ತೈದರಲ್ಲಿ ಒಂದು ಭಾಗವಾದರೆ ನೂರಕ್ಕೆ 0.7.

ಸಂಖ್ಯೆಗಳು ಚಿಕ್ಕವೆಂದು ತೋರಬಹುದು. ಸೆಕೆಂಡಿಗೆ ಐದು ಮೀಟರ್ ಗಾಳಿ, ಅಂದರೆ ಗೋವಾದ ಬೇಸಿಗೆಯ ಮಧ್ಯಾಹ್ನದ ಸಾಧಾರಣ ಕಡಲಗಾಳಿ, ಬೀಸುತ್ತಿದೆಯೆಂದು ಇಟ್ಟುಕೊಳ್ಳಿ. ನೂರಕ್ಕೆ ಒಂದರಂತೆ ಜಾರುವ ವಸ್ತು ಗಂಟೆಗೆ 180 ಮೀಟರ್ ಹೋಗುತ್ತದೆ. ನೂರಕ್ಕೆ ನಾಲ್ಕರಂತೆ ಜಾರುವುದು 720 ಮೀಟರ್. ಆರು ಗಂಟೆಗೆ ಒಂದು ಒಂದೇ ಕಿಲೋಮೀಟರಿನಷ್ಟು, ಇನ್ನೊಂದು ನಾಲ್ಕೂಕಾಲು ಕಿಲೋಮೀಟರ್. ನೀರಿನಲ್ಲಿರುವ ಮನುಷ್ಯ ಮೊದಲನೆಯ ಗುಂಪಿಗೆ ಹತ್ತಿರ. ನೀರು ತುಂಬುವ ಚೀಲಗಳಿಲ್ಲದ, ಗಾಳಿ ತುಂಬಿದ ಜೀವರಕ್ಷಕ ತೆಪ್ಪ ಎರಡನೆಯದಕ್ಕೆ ಹತ್ತಿರ. ತೆಪ್ಪದಲ್ಲಿದ್ದಾನೆಯೋ ನೀರಿನಲ್ಲಿದ್ದಾನೆಯೋ ಎಂದು ತಿಳಿಯದೆ ಹುಡುಕಲು ಹೊರಟರೆ ಮೂರು ಕಿಲೋಮೀಟರಿನ ತಪ್ಪು ಬಂದರದಲ್ಲೇ ಹಡಗು ಹತ್ತಿಬಿಟ್ಟಿರುತ್ತದೆ.

ಹಾಗಾಗಿ ಎರಡು ತೇಲುಗಳು ಬೇಕೆಂದು ನಿರ್ಧರಿಸಿದೆ. ಒಂದು ಆದಷ್ಟು ನೀರಿನ ಜೊತೆಗೇ ಹೋಗಬೇಕು. ಅದು ‘ಕಂಬ’. ಇನ್ನೊಂದು ಗಾಳಿಗೂ ಮೈಯೊಡ್ಡಬೇಕು. ಅದು ‘ಡಬ್ಬ’. ಎರಡರ ವೇಗವನ್ನು ಒಂದರಿಂದೊಂದು ಕಳೆದರೆ ಪ್ರವಾಹ ಹೊರಟುಹೋಗಿ ಗಾಳಿಯ ನೂಕು ಮಾತ್ರ ಉಳಿಯುತ್ತದೆ.

ಕಂಬ

110 ಮಿಲಿಮೀಟರ್ ವ್ಯಾಸದ ಪಿವಿಸಿ ಪೈಪು, 60 ಸೆಂಟಿಮೀಟರ್ ಉದ್ದ, ಎರಡೂ ತುದಿಗೆ ಮುಚ್ಚಳ. ಕೆಳಗಿನ ಮುಚ್ಚಳವನ್ನು ಸಾಲ್ವೆಂಟ್ ಸಿಮೆಂಟಿನಿಂದ ಶಾಶ್ವತವಾಗಿ ಅಂಟಿಸಿದೆ. ಮೇಲಿನದು ರಬ್ಬರ್ ಉಂಗುರವಿರುವ, ತಿರುಗಿಸಿ ತೆಗೆಯುವ ಮುಚ್ಚಳ. ಮನೆಯ ಚರಂಡಿ ಪೈಪಿಗೆ ಹಾಕುವಂಥದ್ದೇ.

ಪೈಪಿನ ಅಡ್ಡ ಕೊಯ್ತದ ವಿಸ್ತೀರ್ಣ ಸುಮಾರು 95 ಚದರ ಸೆಂಟಿಮೀಟರ್. ಆದ್ದರಿಂದ ಪ್ರತಿ ಸೆಂಟಿಮೀಟರ್ ಮುಳುಗಿದಾಗಲೂ ಸುಮಾರು 97 ಗ್ರಾಂ ಕಡಲ ನೀರು ಪಕ್ಕಕ್ಕೆ ಸರಿಯುತ್ತದೆ. 45 ಸೆಂಟಿಮೀಟರ್ ಮುಳುಗಿ 15 ಸೆಂಟಿಮೀಟರ್ ಮೇಲುಳಿಯಬೇಕಾದರೆ ಒಟ್ಟು ತೂಕ 4.4 ಕಿಲೋ ಆಗಬೇಕು. ಪೈಪು, ಬ್ಯಾಟರಿ, ಸರ್ಕ್ಯೂಟ್, ರೆಕ್ಕೆಗಳು ಎಲ್ಲ ಸೇರಿಸಿ ತೂಗಿ, ಕೊರತೆಯನ್ನು ಬಲೆಗೆ ಕಟ್ಟುವ ಸೀಸದ ಗುಂಡುಗಳಿಂದ ತುಂಬಿದೆ. ಖಾರಿವಾಡೊ ಜೆಟ್ಟಿಯ ಹತ್ತಿರ ಬಲೆ ಸಾಮಾನಿನ ಅಂಗಡಿಯಲ್ಲಿ ಅವು ತೂಕಕ್ಕೆ ಸಿಗುತ್ತವೆ. ಗುಂಡುಗಳನ್ನು ತಳದಲ್ಲಿ ಮೇಣದೊಳಗೆ ಕೂರಿಸಿದ್ದರಿಂದ ಅಲೆ ಬಡಿದಾಗ ಒಳಗೆ ಅಲುಗಾಡುವುದಿಲ್ಲ, ಕಂಬವೂ ನೆಟ್ಟಗೆ ನಿಲ್ಲುತ್ತದೆ. ಮನೆಯ ನೀರಿನ ಪೀಪಾಯಿಯಲ್ಲಿ ತೇಲಿಸಿ ನೋಡಿದಾಗ ಗುರುತಿಗಿಂತ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಿತು. ಅದು ಸರಿಯಾಗಿಯೇ ಇತ್ತು. ಸಿಹಿನೀರು ಕಡಲ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹಗುರ.

ಬರೀ ಪೈಪನ್ನು ಬಿಟ್ಟರೆ ಮೇಲಿನ ಮೈ ಕೆಳಗಿನದರ ಮೂರನೆಯ ಒಂದು ಭಾಗ, ಲೀವೇ ನೂರಕ್ಕೆ ಎರಡು. ಅದು ಹೆಚ್ಚಾಯಿತು. ಆದ್ದರಿಂದ ಮುಳುಗಿದ ಭಾಗಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ರೆಕ್ಕೆಗಳು: ಪ್ರತಿಯೊಂದೂ 40 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ. ದಪ್ಪ ತಾರ್ಪಾಲಿನ ಬಟ್ಟೆ, ಅಂಚಿಗೆ ಫೈಬರ್ ಕಡ್ಡಿ. ಈಗ ಒಂದು ಜೋಡಿ ರೆಕ್ಕೆಗಳಿಗೆ ಎದುರಾಗಿ ನಿಂತು ನೋಡಿದರೆ ನೀರಿನೊಳಗಿನ ಮೈ ಸುಮಾರು 4000 ಚದರ ಸೆಂಟಿಮೀಟರ್, ಮೇಲಿನದು 165. ಲೆಕ್ಕಕ್ಕೆ ಬರುವ ಲೀವೇ ನೂರಕ್ಕೆ 0.7. ಜಗತ್ತಿನ ಸಾಗರಗಳಲ್ಲಿ ವಿಜ್ಞಾನಿಗಳು ಬಿಡುವ ತೇಲುಗಳು ಇದಕ್ಕಿಂತ ಬಹಳ ಕಟ್ಟುನಿಟ್ಟು. ಅವು ಹದಿನೈದು ಮೀಟರ್ ಆಳದಲ್ಲಿ ಉದ್ದನೆಯ ಬಟ್ಟೆಯ ಕೊಳವೆಯನ್ನು ಎಳೆದುಕೊಂಡು ಹೋಗುತ್ತವೆ. ನನಗೆ ಬೇಕಾದದ್ದು ಮೇಲ್ಪದರದ ನೀರು. ಮನುಷ್ಯನೂ ಡಬ್ಬವೂ ಇರುವುದು ಅಲ್ಲೇ.

ಒಂದು ಎಚ್ಚರಿಕೆ. ಒಳಗಿನ ತಂತಿಗಳ ಸಂದಿಗೆ ಸಿಲಿಕೋನ್ ಹಚ್ಚುವವರು ಮೊದಲು ಟ್ಯೂಬನ್ನು ಮೂಸಿ ನೋಡಬೇಕು. ವಿನೆಗರಿನಂತೆ ಹುಳಿ ವಾಸನೆ ಬಂದರೆ ಅದು ಅಸಿಟಿಕ್ ಬಗೆಯದು. ಒಣಗುವಾಗ ಹೊರಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಮುಚ್ಚಿದ ಪೈಪಿನೊಳಗೆ ಆ ಆಮ್ಲಕ್ಕೆ ಹೋಗಲು ಬೇರೆ ದಾರಿಯೂ ಇಲ್ಲ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೇಳಿ ಕೊಳ್ಳಬೇಕು.

ಡಬ್ಬ

ಇದಕ್ಕೆ ಹೆಚ್ಚು ಮಾತು ಬೇಡ. ಇಪ್ಪತ್ತು ಲೀಟರಿನ ಹಳೆಯ ಪ್ಲಾಸ್ಟಿಕ್ ಕ್ಯಾನು, ಬಾಯಿಯೊಳಗಿನಿಂದ ಇಳಿಸಿದ ಅದೇ ಸರ್ಕ್ಯೂಟ್, ಒಟ್ಟು ಹತ್ತು ಕಿಲೋ ತೂಗುವಂತೆ ಮರಳು. ಹಾಗೆ ಅರ್ಧ ಮುಳುಗಿ ಅರ್ಧ ಮೇಲೆ ನಿಲ್ಲುತ್ತದೆ. ಬೈನಾ ಕಿನಾರೆಯಲ್ಲಿ ಹಗ್ಗ ಕಟ್ಟಿ ತೇಲಿಸಿದಾಗ ಅಲೆಗೆ ಮರಳು ಒಂದು ಮಗ್ಗುಲಿಗೆ ಸರಿದು ಕ್ಯಾನು ವಾಲಿತು. ಜಿಪಿಎಸ್ ಆಂಟೆನಾ ನೀರನ್ನು ನೋಡತೊಡಗಿ ಸ್ಥಾನಗಳು ಬರುವುದು ನಿಂತಿತು. ಮರಳನ್ನು ಸಿಮೆಂಟಿನೊಂದಿಗೆ ಕಲಸಿ ತಳದಲ್ಲಿ ಗಟ್ಟಿಯಾಗಿಸಿದ ಮೇಲೆ ಆ ತೊಂದರೆ ಬರಲಿಲ್ಲ.

ಸುದ್ದಿ ಕಳಿಸುವ ಬಗೆ

ಉಪಗ್ರಹದ ಮೂಲಕ ಕಳಿಸುವ ಸಾಧನಗಳನ್ನು ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಬಳಸುವಂತಿಲ್ಲ. ಆ ದಾರಿಯನ್ನು ಯೋಚಿಸಲೇ ಇಲ್ಲ. ಮೊಬೈಲ್ ಸಿಗ್ನಲ್ ಕಿನಾರೆಯಿಂದ ಸ್ವಲ್ಪ ದೂರದವರೆಗೆ ದೋಣಿಯಲ್ಲಿ ನಿಂತವರಿಗೆ ಸಿಗುತ್ತದೆ. ಆದರೆ ನೀರಿನ ಮಟ್ಟದಲ್ಲಿರುವ ಆಂಟೆನಾಗೆ ಬಂದು ಹೋಗಿ ಮಾಡುತ್ತದೆ. ಉಳಿದದ್ದು ಲೋರಾ, ಅಂದರೆ ಕಡಿಮೆ ಶಕ್ತಿಯಲ್ಲಿ ಚಿಕ್ಕ ಸುದ್ದಿಗಳನ್ನು ಬಹಳ ದೂರ ಕಳಿಸುವ ರೇಡಿಯೋ. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಇಂಥ ರೇಡಿಯೋಗೆ ಭಾರತದಲ್ಲಿ ಪರವಾನಗಿ ಬೇಡ. ನಾನು ಹಾಕಿದ್ದು 866. ಕಾಲು ತರಂಗದ ಆಂಟೆನಾ 8.6 ಸೆಂಟಿಮೀಟರ್ ಉದ್ದದ ತಂತಿ ಅಷ್ಟೇ. ಪೈಪಿನೊಳಗೇ ಹಿಡಿಸುತ್ತದೆ. ಪಿವಿಸಿ ರೇಡಿಯೋ ಅಲೆಯನ್ನು ತಡೆಯುವುದಿಲ್ಲ.

ತೊಂದರೆ ಇರುವುದು ಭೂಮಿಯ ದುಂಡಗಿನಲ್ಲಿ. ನೀರಿಗೆ ಅಂಟಿಕೊಂಡಂತಿರುವ ಆಂಟೆನಾಗೆ ತನ್ನದೇ ಕ್ಷಿತಿಜ ಒಂದೆರಡು ಕಿಲೋಮೀಟರಿನಲ್ಲಿ ಮುಗಿಯುತ್ತದೆ. ಅದನ್ನು ಎತ್ತರಿಸಿದರೆ ದೂರ ಕೇಳಿಸುತ್ತದೆ ನಿಜ, ಆದರೆ ಎತ್ತರಿಸಿದ ಪ್ರತಿ ಸೆಂಟಿಮೀಟರೂ ಗಾಳಿಗೆ ಹಿಡಿಕೆಯಾಗುತ್ತದೆ. ಅಳೆಯಲು ಹೊರಟ ಸಂಗತಿಯನ್ನೇ ಅಳೆಯುವ ಸಾಧನ ಕೆಡಿಸಬಾರದು. ಆದ್ದರಿಂದ ಎತ್ತರವನ್ನೆಲ್ಲ ನೆಲದ ಕಡೆಗೆ ಕೊಟ್ಟೆ. ದಾಬೋಳಿಂ ಪ್ರಸ್ಥಭೂಮಿ ಕಡಲಿಗಿಂತ ಐವತ್ತು ಮೀಟರಿಗೂ ಮೇಲಿದೆ. ಅದರ ಅಂಚಿನಲ್ಲಿ, ಬೊಗ್ಮಾಳೊ ಕಡೆಗೆ ಮುಖ ಮಾಡಿರುವ ನಮ್ಮ ಭಾವನ ಮನೆಯ ತಾರಸಿಯಲ್ಲಿ ಸುದ್ದಿ ಹಿಡಿಯುವ ರಿಸೀವರನ್ನು ಕಟ್ಟಿದೆವು. ಐವತ್ತು ಮೀಟರಿನ ವರ್ಗಮೂಲವನ್ನು 3.57ರಿಂದ ಗುಣಿಸಿದರೆ 25 ಕಿಲೋಮೀಟರ್. ಅಲ್ಲಿಯವರೆಗೆ ಕಣ್ಣು ಹಾಯುತ್ತದೆ, ರೇಡಿಯೋ ಇನ್ನೂ ಸ್ವಲ್ಪ ಮುಂದೆ.

“ಇದು ಮನೆಗೆ ಸಿಡಿಲು ಕರೆಯುವುದಿಲ್ಲ ತಾನೇ?” ಎಂದು ಅಕ್ಕ ಕೇಳಿದಳು. ಮಳೆಗಾಲಕ್ಕೆ ಮೊದಲೇ ಬಿಚ್ಚಿ ಕೊಡುತ್ತೇನೆಂದು ಮಾತು ಕೊಟ್ಟ ಮೇಲೆ ಏಣಿ ಸಿಕ್ಕಿತು.

ಒಳಗಿನ ಕೆಲಸಕ್ಕೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಒಂದು ಜಿಪಿಎಸ್ ಘಟಕ, ಲೋರಾ ಘಟಕ, 18650 ಎಂಬ ಅಳತೆಯ ನಾಲ್ಕು ಲಿಥಿಯಂ ಬ್ಯಾಟರಿ ಕೋಶಗಳು. ಹತ್ತು ನಿಮಿಷಕ್ಕೊಮ್ಮೆ ಎದ್ದು, ಸ್ಥಾನ ತಿಳಿದು, ಕಳಿಸಿ, ಮತ್ತೆ ನಿದ್ದೆಗೆ ಹೋಗುತ್ತದೆ. ಕಳಿಸುವಾಗ ಹಿಂದಿನ ಆರು ಸ್ಥಾನಗಳನ್ನೂ ಜೊತೆಗೆ ಕಳಿಸುವಂತೆ ಮಾಡಿದ್ದು ಈ ಇಡೀ ಸರ್ಕ್ಯೂಟಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ. ಅಲೆಯ ತಗ್ಗಿನಲ್ಲಿ ಸಿಕ್ಕಿಕೊಂಡು ಐದು ಸುದ್ದಿ ಕಳೆದುಹೋದರೂ ಆರನೆಯದು ಎಲ್ಲವನ್ನೂ ಹೊತ್ತು ತರುತ್ತದೆ.

ಹೊರಮೈಗೆ ಕಡು ಕಿತ್ತಳೆ ಬಣ್ಣ. ಅದರ ಮೇಲೆ ಕೊಂಕಣಿ, ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ‘ಇದು ಪ್ರಯೋಗದ ತೇಲು, ಅಪಾಯವಿಲ್ಲ’ ಎಂಬ ಬರಹ ಮತ್ತು ಫೋನ್ ಸಂಖ್ಯೆ. ತಂತಿ, ಬ್ಯಾಟರಿಗಳಿರುವ ಮುಚ್ಚಿದ ಪೈಪು ಕಿನಾರೆಗೆ ಬಂದು ಬಿದ್ದರೆ ನೋಡಿದವರು ಹೆದರುವುದು ಸಹಜ. ಹತ್ತಿರದಲ್ಲೇ ಬಂದರು, ನೌಕಾನೆಲೆ ಎರಡೂ ಇವೆ. ಕರಾವಳಿ ಪೊಲೀಸರಿಗೆ ಮೊದಲೇ ಪತ್ರ ಕೊಟ್ಟು, ಹಡಗುಗಳ ದಾರಿಯಿಂದ ದೂರದ ಜಾಗವನ್ನೇ ಆರಿಸಿಕೊಂಡೆವು. ಯಾರಾದರೂ ಇದನ್ನು ಮಾಡುವುದಾದರೆ ಈ ಹಂತವನ್ನು ಬಿಡಬೇಡಿ.

ಕಂಪ್ಯೂಟರಿನ ಪಾಲು

ಲೆಕ್ಕದ ತಿರುಳು ಸರಳ. ಈಗಿರುವ ಜಾಗದಲ್ಲಿ ಪ್ರವಾಹವೆಷ್ಟು, ಗಾಳಿಯೆಷ್ಟು ಎಂದು ಕಡತದಿಂದ ಓದು. ಪ್ರವಾಹಕ್ಕೆ ಲೀವೇ ಕೂಡಿಸು. ಕಾಲು ಗಂಟೆಯಲ್ಲಿ ಎಷ್ಟು ಸರಿಯುತ್ತದೆಂದು ನೋಡಿ ಹೊಸ ಜಾಗಕ್ಕೆ ಇಡು. ಮತ್ತೆ ಮೊದಲಿನಿಂದ. ಗೋವಾದ ಅಕ್ಷಾಂಶದಲ್ಲಿ ಉತ್ತರ-ದಕ್ಷಿಣದ ಒಂದು ಡಿಗ್ರಿಗೆ 111 ಕಿಲೋಮೀಟರ್, ಪೂರ್ವ-ಪಶ್ಚಿಮಕ್ಕೆ 107. ಓಪನ್‌ಡ್ರಿಫ್ಟ್ ಮುಟ್ಟುವ ಮೊದಲು ಇಷ್ಟನ್ನು ನಾನೇ ಒಂದು ಪುಟದ ಪೈಥಾನಿನಲ್ಲಿ ಬರೆದೆ. ಬರೆದು ನೋಡಿದವರಿಗೆ ದೊಡ್ಡ ತಂತ್ರಾಂಶದ ನಕ್ಷೆ ಪವಾಡದಂತೆ ಕಾಣುವುದಿಲ್ಲ.

ದೊಡ್ಡ ತಂತ್ರಾಂಶ ಸೇರಿಸುವ ಮುಖ್ಯ ಸಂಗತಿ ಒಂದರ ಬದಲು ಸಾವಿರಾರು ಕಣಗಳು, ಅಂದರೆ ಲೆಕ್ಕದೊಳಗಿನ ಕಲ್ಪಿತ ತೇಲುಗಳು. ಪ್ರತಿ ಕಣಕ್ಕೂ ಹೊರಟ ಜಾಗದಲ್ಲಿ, ಗಾಳಿಯಲ್ಲಿ, ಲೀವೇಯಲ್ಲಿ ಚಿಕ್ಕ ಚಿಕ್ಕ ವ್ಯತ್ಯಾಸ. ಪ್ರತಿ ಹೆಜ್ಜೆಗೂ ಒಂದಿಷ್ಟು ಯಾದೃಚ್ಛಿಕ ಅಲುಗಾಟ. ಕೊನೆಗೆ ಸಿಗುವುದು ಗೆರೆಯಲ್ಲ, ಮೋಡ. ಹುಡುಕುವವರಿಗೆ ಬೇಕಾದದ್ದೂ ಅದೇ. ಮೋಡದ ನಡುವೆ ಮೊದಲು, ಅಂಚಿಗೆ ಆಮೇಲೆ.

ಇನ್ನೊಂದು ಸೂಕ್ಷ್ಮ. ವಸ್ತುಗಳು ಗಾಳಿಯ ನೇರಕ್ಕೆ ಹೋಗುವುದಿಲ್ಲ. ಆಕಾರ ಸಮವಾಗಿಲ್ಲದಿದ್ದರೆ ಎಡಕ್ಕೋ ಬಲಕ್ಕೋ ಓರೆಯಾಗಿ ಜಾರುತ್ತವೆ. ಯಾವ ಕಡೆಗೆಂದು ಮೊದಲೇ ಹೇಳಲಾಗದು. ಆದ್ದರಿಂದ ಅರ್ಧ ಕಣಗಳನ್ನು ಎಡಕ್ಕೆ, ಅರ್ಧವನ್ನು ಬಲಕ್ಕೆ ಹೊರಡಿಸುತ್ತಾರೆ. ದಾರಿಯಲ್ಲಿ ಗಂಟೆಗೆ ನೂರಕ್ಕೆ ನಾಲ್ಕರಂತೆ ಮಗ್ಗುಲು ಬದಲಿಸುವ ಅವಕಾಶವೂ ಇದೆ. ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದ ರೆಕ್ಕೆಯ ತುಂಡೊಂದು 2015ರ ಜುಲೈಯಲ್ಲಿ ರೆಯೂನಿಯನ್ ದ್ವೀಪದಲ್ಲಿ ಸಿಕ್ಕಿತಲ್ಲ, ಅದು ಹೇಗೆ ತೇಲುತ್ತದೆಂದು ತಿಳಿಯಲು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನಿಗಳು ಮೊದಲು ಅದರ ಪ್ರತಿಕೃತಿಗಳನ್ನು ತೇಲಿಸಿದರು. ಆಮೇಲೆ ಬೋಯಿಂಗ್ 777ರ ನಿಜವಾದ ತುಂಡನ್ನೇ ತರಿಸಿ, ಸಿಕ್ಕಿದ್ದರ ಆಕಾರಕ್ಕೆ ಕತ್ತರಿಸಿ ತೇಲಿಸಿದಾಗ, ಅದು ಪ್ರತಿಕೃತಿಗಳಿಗಿಂತ ವೇಗವಾಗಿ, ಗಾಳಿಯಿಂದ ಸುಮಾರು 20 ಡಿಗ್ರಿ ಎಡಕ್ಕೆ ಹೋಯಿತು. ಲೆಕ್ಕಕ್ಕೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ಈ 20 ಡಿಗ್ರಿಯನ್ನು ನೀರಿಗೆ ಇಳಿದೇ ಕಂಡುಕೊಳ್ಳಬೇಕಿತ್ತು.

ಪ್ರವಾಹದ ಕಡತ ಯುರೋಪಿನ ಕೊಪರ್ನಿಕಸ್ ಸೇವೆಯಿಂದ ಉಚಿತವಾಗಿ ಸಿಗುತ್ತದೆ. ಒಂದು ಡಿಗ್ರಿಯ ಹನ್ನೆರಡನೆಯ ಒಂದು ಭಾಗದ ಚೌಕಗಳು, ಅಂದರೆ ಬದಿಗೆ ಒಂಬತ್ತು ಕಿಲೋಮೀಟರ್. ಮೊರ್ಮುಗೋವಾಕ್ಕೂ ದೋಣಾ ಪಾವ್ಲಾಕ್ಕೂ ನಡುವಿನ ಜುವಾರಿ ನದಿಯ ಬಾಯಿ ಅಂಥ ಒಂದು ಚೌಕದಲ್ಲಿ ಅಡಗಿಹೋಗುತ್ತದೆ. ನದಿಯ ಭರತ-ಇಳಿತದ ಸೆಳೆತವನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಅದಕ್ಕೇ ಬಾಯಿಯಿಂದ ದೂರ, ಬೊಗ್ಮಾಳೊದ ದಕ್ಷಿಣಕ್ಕೆ ತೇಲುಗಳನ್ನು ಬಿಟ್ಟದ್ದು. ಪ್ರವಾಹ, ಭರತ-ಇಳಿತ ಮತ್ತು ಅಲೆಗಳ ನೂಕು ಮೂರನ್ನೂ ಕೂಡಿಸಿದ ಗಂಟೆವಾರು ಕಡತವೂ ಅಲ್ಲೇ ಇದೆ. ಆದರೆ ಲೀವೇಯ ಸಂಖ್ಯೆಗಳನ್ನು ನಿಜವಾದ ಅಲೆಗಳ ನಡುವೆಯೇ ಅಳೆದಿರುತ್ತಾರೆ. ಅಲೆಗಳ ನೂಕು ಅವುಗಳೊಳಗೇ ಸೇರಿಕೊಂಡಿದೆ. ಕೂಡಿಸಿದ ಕಡತಕ್ಕೆ ಲೀವೇಯನ್ನೂ ಸೇರಿಸಿದರೆ ಅಲೆಯನ್ನು ಎರಡು ಸಲ ಎಣಿಸಿದಂತೆ. ಪ್ರವಾಹ ಮತ್ತು ಭರತ-ಇಳಿತ ಎರಡನ್ನು ಮಾತ್ರ ತೆಗೆದುಕೊಂಡೆ.

ಗಾಳಿಗೆ ಇಆರ್‌ಎ5 ಎಂಬ, ಆಗಿಹೋದ ದಿನಗಳ ಹವಾಮಾನವನ್ನು ಗಂಟೆವಾರು ಕೂಡಿಟ್ಟ ಕಡತ. ಕಾಲು ಡಿಗ್ರಿಯ ಚೌಕ, ಸುಮಾರು 28 ಕಿಲೋಮೀಟರ್. ಗೋವಾ ಕಿನಾರೆಯ ಚೌಕದಲ್ಲಿ ಅರ್ಧ ಕಡಲು, ಅರ್ಧ ತೆಂಗಿನ ತೋಟ.

ಬಿಟ್ಟದ್ದು

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಗಾಳಿಯ ದಿನಚರಿ ಬಹುತೇಕ ಒಂದೇ. ಬೆಳಗಿನ ಜಾವ ನೆಲಗಾಳಿ ಸಣ್ಣಗೆ ಪೂರ್ವದಿಂದ. ಹೊತ್ತು ಏರಿದಂತೆ ಅದು ಸತ್ತು, ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಎದ್ದು, ಸಂಜೆಗೆ ವಾಯವ್ಯಕ್ಕೆ ತಿರುಗಿ ಜೋರಾಗುತ್ತದೆ. ನಮ್ಮನ್ನು ಕರೆದೊಯ್ದವರು ಅಂಕೋಲಾ ಕಡೆಯ ತಾಂಡೇಲರು. ಅವರ ಮಗ ನನ್ನ ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿದ್ದಾನೆ, ಲೋರಾ ಘಟಕಗಳ ಬೆಸುಗೆಯೆಲ್ಲ ಅವನದೇ. ಹುಣ್ಣಿಮೆ ಕಳೆದು ಅಷ್ಟಮಿಯ ಹತ್ತಿರ ಹೋಗೋಣ, ನೀರಿನ ಸೆಳೆತ ಸಡಿಲವಿರುತ್ತದೆ ಎಂದು ದಿನವನ್ನು ಆರಿಸಿದವರೂ ತಾಂಡೇಲರೇ. ಪಂಚಾಂಗ ನೋಡದೆ ಬೆರಳೆಣಿಸಿ ಹೇಳಿದರು.

ಎರಡನ್ನೂ ಒಂದೇ ಕೈಯಳತೆಯಲ್ಲಿ ನೀರಿಗೆ ಇಳಿಸಿದೆವು. ಬೆಳಗಿನಲ್ಲಿ ಅಕ್ಕಪಕ್ಕ ನಿಂತು ಬಹಳ ಹೊತ್ತು ಒಟ್ಟಿಗೇ ಅಲುಗಿದವು. ಗಾಳಿ ಎದ್ದ ಮೇಲೆ ಡಬ್ಬ ಅಗಲದ ಮುಖವನ್ನು ಗಾಳಿಗೆ ತಿರುಗಿಸಿ ಹೊರಟಿತು. ಕಂಬ ನಿಂತಲ್ಲೇ ನಿಂತಂತಿತ್ತು. ನಾನು ದೋಣಿಯಲ್ಲಿ ಎರಡು ಮೀಟರ್ ಎತ್ತರಕ್ಕೆ ಗಾಳಿಮಾಪಕ ಹಿಡಿದು ಓದುತ್ತಿದ್ದೆ. ಲೀವೇ ಕೋಷ್ಟಕಗಳೆಲ್ಲ ಹತ್ತು ಮೀಟರ್ ಎತ್ತರದ ಗಾಳಿಗೆ ಬರೆದವು. ಎರಡು ಮೀಟರಿನ ಓದನ್ನು 1.17ರಿಂದ ಗುಣಿಸಿಕೊಳ್ಳಬೇಕು.

ಎರಡರ ನಡುವಿನ ಅಂತರ ಬೆಳೆದ ವೇಗವನ್ನು ಗಾಳಿಯ ವೇಗದಿಂದ ಭಾಗಿಸಿದಾಗ ಬಂದದ್ದು ನೂರಕ್ಕೆ ಮೂರರ ಆಸುಪಾಸು. ಕಂಬವೂ 0.7ರಷ್ಟು ಜಾರುತ್ತದೆಂದು ಕೂಡಿಸಿದರೆ ಡಬ್ಬದ್ದು 3.7. ಕಾಗದದ ಮೇಲಿನ 3.4ಕ್ಕಿಂತ ಸ್ವಲ್ಪ ಹೆಚ್ಚು. ಅಲೆಗಳು ಕ್ಯಾನಿನ ಚಪ್ಪಟೆ ಮುಖಕ್ಕೆ ಬಡಿದು ನೂಕುವುದನ್ನು ಆ ಸರಳ ಸೂತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಅಳತೆಗೆ ಮೊದಲ ಕೆಲವು ಗಂಟೆಗಳ ಸ್ಥಾನಗಳನ್ನು ಮಾತ್ರ ಬಳಸಿದ್ದೇನೆ. ಎರಡೂ ಬಹಳ ದೂರವಾದ ಮೇಲೆ ಒಂದೊಂದೂ ಬೇರೆ ಬೇರೆ ಪ್ರವಾಹದಲ್ಲಿರುತ್ತದೆ. ಆಮೇಲೆ ಕಳೆಯುವುದರಲ್ಲಿ ಅರ್ಥವಿಲ್ಲ.

ರಾತ್ರಿ ನೆಲಗಾಳಿ ಡಬ್ಬವನ್ನು ಕೊಂಚ ಪಡುವಣಕ್ಕೆ ಎಳೆಯಿತು. ಮರುದಿನದ ಕಡಲಗಾಳಿ ಮತ್ತೆ ಆಗ್ನೇಯಕ್ಕೆ ಒಯ್ದು, ಕತ್ತಲಾಗುವ ಮೊದಲು ಉತೋರ್ಡಾಕ್ಕೂ ಮಾಜೊರ್ಡಾಕ್ಕೂ ನಡುವೆ ಕಿನಾರೆಗೆ ಹಾಕಿತು. ರಂಪಣಿ ಬಲೆ ಎಳೆಯುವವರೊಬ್ಬರು ಬರಹ ಓದಿ ಫೋನ್ ಮಾಡಿದರು. ನಾವು ಹೋಗುವವರೆಗೆ ಬಲೆಯ ರಾಶಿಯ ಪಕ್ಕದಲ್ಲಿ ಜೋಪಾನವಾಗಿ ಇಟ್ಟಿದ್ದರು. ಕಂಬ ಆಗಲೂ ಕಡಲಿನಲ್ಲೇ ಇತ್ತು. ಭರತ-ಇಳಿತಕ್ಕೆ ಸುತ್ತು ಹಾಕುತ್ತಾ ನಿಧಾನವಾಗಿ ದಕ್ಷಿಣಕ್ಕೆ ಸರಿಯುತ್ತಿತ್ತು. ತಾಂಡೇಲರು ಮೀನಿಗೆ ಹೋದಾಗ ಎತ್ತಿ ತಂದರು. ರೆಕ್ಕೆಗಳ ಮೇಲೆ ತೆಳ್ಳನೆಯ ಪಾಚಿ, ಒಳಗೆ ಒಂದು ಹನಿ ನೀರಿಲ್ಲ.

ಲೆಕ್ಕ ಏನು ಹೇಳಿತ್ತು?

ಕಂಬದ ವಿಷಯದಲ್ಲಿ ಮೋಡ ದಾರಿಯುದ್ದಕ್ಕೂ ಅದನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಡಬ್ಬದ ವಿಷಯದಲ್ಲಿ ಇಆರ್‌ಎ5 ಗಾಳಿ ಕೊಟ್ಟಾಗ, ನಿಜವಾದ ಡಬ್ಬ ಮರಳಿನ ಮೇಲೆ ಬಿದ್ದ ಹೊತ್ತಿಗೆ ಮೋಡದ ನಡುಭಾಗ ಇನ್ನೂ ಕಡಲಿನಲ್ಲಿತ್ತು. 28 ಕಿಲೋಮೀಟರಿನ ಚೌಕ ಕಡಲಗಾಳಿಯ ಮೊನೆಯನ್ನು ಮೊಂಡು ಮಾಡಿಬಿಡುತ್ತದೆ.

ಆಗ ನೆನಪಾದದ್ದು ದಾಬೋಳಿಂ ವಿಮಾನ ನಿಲ್ದಾಣ. ವಿಮಾನಗಳಿಗಾಗಿ ಅಲ್ಲಿಂದ ಅರ್ಧ ಗಂಟೆಗೊಮ್ಮೆ ಗಾಳಿಯ ದಿಕ್ಕು ಮತ್ತು ವೇಗ ಹೊರಡುತ್ತದೆ. ಯಾರು ಬೇಕಾದರೂ ನೋಡಬಹುದು. ವೇಗ ನಾಟ್‌ಗಳಲ್ಲಿರುತ್ತದೆ, ಹತ್ತು ನಾಟ್ ಎಂದರೆ ಸೆಕೆಂಡಿಗೆ 5.14 ಮೀಟರ್. ಆ ಗಾಳಿಯನ್ನೂ ನಾವು ಅಳೆದ 3.7ನ್ನೂ ಕೊಟ್ಟು ಮತ್ತೆ ಓಡಿಸಿದಾಗ ಮೋಡ ಕಿನಾರೆಗೆ ಬಂದು, ಡಬ್ಬ ಸಿಕ್ಕಿದ ಜಾಗದ ಎರಡೂ ಕಡೆಗೆ ಹರಡಿಕೊಂಡಿತು. ಅದೇ ಗಾಳಿಗೆ ಲೀವೇಯನ್ನು ಬೇಕೆಂದೇ ‘ನೀರಿನಲ್ಲಿರುವ ಮನುಷ್ಯ’ ಎಂದು ಬದಲಿಸಿ ನೋಡಿದೆ. ಮೋಡ ಕಿನಾರೆಯ ಹತ್ತಿರಕ್ಕೂ ಬರಲಿಲ್ಲ. ಕಡಲು ಅದೇ, ಗಾಳಿ ಅದೇ, ಬದಲಾದದ್ದು ಒಂದು ಸಂಖ್ಯೆ. ಆ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ತರಗತಿಯಲ್ಲಿ ತೋರಿಸಿದಾಗ ಮೀನುಗಾರರ ಮಕ್ಕಳು ತಟ್ಟನೆ ಮೌನವಾದರು.

2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗಲೂ ಕಂಡದ್ದು ಇದೇ. ಕಂಟೇನರ್‌ಗಳು ಕೊಲ್ಲಂ, ಆಲಪ್ಪುಳ ಕಿನಾರೆಗಳಿಗೆ ಬಂದು ಬಡಿದವು. ಹಡಗಿನಿಂದ ಚೆಲ್ಲಿದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ಕಡೆಯ ಮರಳಿನವರೆಗೂ ಹರಡಿದವು. ಒಂದೇ ಹಡಗಿನ ಸರಕು, ಆದರೆ ಒಂದೊಂದಕ್ಕೂ ಬೇರೆ ಲೆಕ್ಕ ಹಾಕಬೇಕು. ನೀರು ಒಳನುಗ್ಗಿ ಕಂಟೇನರ್ ಮುಳುಗುತ್ತಾ ಹೋದಂತೆ ಅದರ ಲೀವೇಯೂ ಇಳಿಯುತ್ತಾ ಹೋಗುತ್ತದೆ.

ತಾಂಡೇಲರ ಪ್ರಶ್ನೆ

ನಕ್ಷೆಗಳನ್ನು ತಾಂಡೇಲರಿಗೂ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಮಾಸ್ತರರೇ, ಡಬ್ಬದ ಲೆಕ್ಕ ನೀವು ಅಳೆದಿರಿ, ಸರಿ. ನಮ್ಮ ದೋಣಿ ಎಂಜಿನ್ ಕೆಟ್ಟು ನಿಂತರೆ ಅದರ ಲೆಕ್ಕ ಯಾರು ಅಳೆದಿದ್ದಾರೆ?”

ಓಪನ್‌ಡ್ರಿಫ್ಟ್‌ನ ಪಟ್ಟಿಯನ್ನು ತೆರೆದು ಒಟ್ಟಿಗೆ ಓದಿದೆವು. ಅದರ ಬೇರು ಅಮೆರಿಕದ ಕೋಸ್ಟ್ ಗಾರ್ಡ್‌ಗಾಗಿ ಆಲನ್ ಮತ್ತು ಪ್ಲೂರ್ಡ್ 1999ರಲ್ಲಿ ಒಟ್ಟುಗೂಡಿಸಿದ 63 ಬಗೆಗಳು. ಲೈಫ್ ಜಾಕೆಟ್ ಇದ್ದವರು, ಇಲ್ಲದವರು, ಬಗೆಬಗೆಯ ತೆಪ್ಪಗಳು, ಹವಾಯಿಯ ಸಂಪಾನ್, ಕೊರಿಯಾದ ಮೀನುದೋಣಿ, ಕ್ಯೂಬಾದ ನಿರಾಶ್ರಿತರ ತೆಪ್ಪವೂ ಇದೆ. ನಮ್ಮ ಕರಾವಳಿಯ ಪಾತಿ ದೋಣಿ ಅದರಲ್ಲಿಲ್ಲ. ಪಕ್ಕಕ್ಕೆ ತೇಲುಮರ ಕಟ್ಟಿದ ಗೋವಾದ ಹೊಡಿಯೂ ಇಲ್ಲ. ಹುಡುಕುವವರು ಹತ್ತಿರದ ಇನ್ನಾವುದೋ ಬಗೆಯನ್ನು ಆರಿಸಿಕೊಳ್ಳಬೇಕು. ಹೊಡಿಯ ಪಕ್ಕದ ಮರ ಒಂದೇ ಕಡೆಗಿರುವುದರಿಂದ ಅದು ಗಾಳಿಗೆ ಎಡಕ್ಕೂ ಬಲಕ್ಕೂ ಒಂದೇ ರೀತಿ ಓರೆಯಾಗುತ್ತದೆಂದು ನಂಬುವುದು ನನಗಂತೂ ಕಷ್ಟ.

ಮುಂದಿನ ಕೆಲಸ ಅದೇ. ತಾಂಡೇಲರ ಪರಿಚಯದವರು ಬೇತುಲ್‌ನಲ್ಲಿ ಒಂದು ಹಳೆಯ ಹೊಡಿಯನ್ನು ಕೊಡಲು ಒಪ್ಪಿದ್ದಾರೆ. ಎಂಜಿನ್ ತೆಗೆದು, ಒಳಗೆ ಇಬ್ಬರ ತೂಕದ ಮರಳಿನ ಚೀಲಗಳನ್ನಿಟ್ಟು, ಎಳೆದುಕೊಂಡು ಹೋಗಿ ಬಿಡುವುದು. ನಾವು ಬೇರೆ ದೋಣಿಯಲ್ಲಿ ಹತ್ತಿರವೇ ಇರುತ್ತೇವೆ. ಹೊಡಿ ಹೊರಟ ಜಾಗದಲ್ಲಿ ಕಂಬವನ್ನು ಇಳಿಸಿ, ಎರಡೂ ಅರ್ಧ ಕಿಲೋಮೀಟರಿಗಿಂತ ದೂರವಾದಾಗ ಕಂಬವನ್ನು ಎತ್ತಿ ಮತ್ತೆ ಹೊಡಿಯ ಪಕ್ಕಕ್ಕೆ ತಂದು ಬಿಡಬೇಕು, ಆಗ ಎರಡೂ ಒಂದೇ ಪ್ರವಾಹದಲ್ಲಿ ಉಳಿಯುತ್ತವೆ. ತೇಲುಮರ ಗಾಳಿಯ ಕಡೆಗಿದ್ದಾಗ ಒಂದು ಅಳತೆ, ಗಾಳಿಯ ಮರೆಗಿದ್ದಾಗ ಇನ್ನೊಂದು. ಗಾಳಿಮಾಪಕವನ್ನು ಈ ಸಲ ಹೊಡಿಯಲ್ಲೇ ಬಿದಿರಿನ ಗಳಕ್ಕೆ ಕಟ್ಟಿ, ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುವಂತೆ ಮಾಡುತ್ತಿದ್ದೇವೆ. ಅದರ ಸರ್ಕ್ಯೂಟ್ ತಾಂಡೇಲರ ಮಗನ ಮೇಜಿನ ಮೇಲಿದೆ. ಜೂನ್ ಒಂದರಿಂದ ಮೀನುಗಾರಿಕೆ ನಿಷೇಧ ಶುರುವಾಗುವುದರೊಳಗೆ, ಅಷ್ಟಮಿ ನೋಡಿಕೊಂಡು, ಹೊಡಿ ನೀರಿಗೆ ಇಳಿಯಬೇಕು.